ಹಂದಿಗೆ ಭೇದಿ ಬಂದಾಗ ಸೂಜಿಗೆ ಮೊದಲು ಮಾಡಬೇಕಾದ್ದು: ಕರುಳಿನ ಬ್ಯಾಕ್ಟೀರಿಯಾ ಸೋಂಕು ಪತ್ತೆಹಚ್ಚುವ ಸಮಗ್ರ ಮಾರ್ಗದರ್ಶಿ

ಮರಿಗಳಿಗೆ ಭೇದಿ ಶುರುವಾಗಿದೆ ಅಂತ ಫೋನ್ ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಇಂಜೆಕ್ಷನ್ ಕೊಟ್ಟಾಯಿತಾ? ಹೆಚ್ಚಿನ ಸಲ ‘ನಿನ್ನೆನೇ ಕೊಟ್ಟೆವು ಸಾರ್’ ಅನ್ನುವ ಉತ್ತರ ಬರುತ್ತದೆ. ಅಲ್ಲಿಗೆ ಅರ್ಧ ದಾರಿ ಮುಚ್ಚಿದ ಹಾಗೆ. ಔಷಧ ಮೈಗೆ ಸೇರಿದ ಮೇಲೆ ತೆಗೆದ ಮಲದಲ್ಲಿ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯುವುದಿಲ್ಲ. ಲ್ಯಾಬ್‌ನಿಂದ ‘ಏನೂ ಸಿಗಲಿಲ್ಲ’ ಅಂತ ವರದಿ ಬರುತ್ತದೆ. ಹಂದಿಗಳು ಮಾತ್ರ ಸಾಯುತ್ತಲೇ ಇರುತ್ತವೆ.

ನಾನೂ ಈ ತಪ್ಪು ಮಾಡಿದ್ದೇನೆ. ಕೆಲಸದ ಹೊಸತರಲ್ಲಿ ಒಂದು ಫಾರ್ಮ್‌ನಲ್ಲಿ ಮೂರು ದಿನ ಔಷಧ ಕೊಟ್ಟೆ. ಕಡಿಮೆಯಾಗಲಿಲ್ಲ. ನಾಲ್ಕನೇ ದಿನ ಸ್ಯಾಂಪಲ್ ತೆಗೆದೆ. ವರದಿಯಲ್ಲಿ ಏನೂ ಇರಲಿಲ್ಲ. ಆ ಬ್ಯಾಚಿನ ಹನ್ನೊಂದು ಮರಿಗಳು ಹೋದವು. ಯಾವ ರೋಗ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅದಕ್ಕೇ ಈ ಬರಹದಲ್ಲಿ ಔಷಧದ ಮಾತು ಕಡಿಮೆ, ಪತ್ತೆಯ ಮಾತು ಜಾಸ್ತಿ.

ಇದು ಹತ್ತಿಪ್ಪತ್ತು ತಾಯಿ ಹಂದಿ ಸಾಕುವವರಿಗೆ, ಫಾರ್ಮ್ ನೋಡಿಕೊಳ್ಳುವ ಹುಡುಗರಿಗೆ, ಹೊಸದಾಗಿ ಹಂದಿ ನೋಡಲು ಶುರುಮಾಡಿದ ವೈದ್ಯರಿಗೆ. ಕಣ್ಣಿಟ್ಟು ನೋಡುವುದು, ಬರೆದಿಡುವುದು, ಮಲ ತೆಗೆದು ಕಳಿಸುವುದು ನೀವೇ ಮಾಡಬಹುದಾದ ಕೆಲಸ. ರಕ್ತ ತೆಗೆಯುವುದು, ಸತ್ತ ಹಂದಿಯನ್ನು ಕೊಯ್ದು ನೋಡುವುದು ಪಶುವೈದ್ಯರ ಕೆಲಸ. ಈ ಗೆರೆಯನ್ನು ದಾಟಬೇಡಿ.

ಹಂತ 1: ಹಂದಿಜ್ವರ ಅಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಭೇದಿ ಕಂಡ ತಕ್ಷಣ ಬ್ಯಾಕ್ಟೀರಿಯಾ ಹುಡುಕಲು ಹೊರಡಬೇಡಿ. ಮೊದಲು ಇಡೀ ಶೆಡ್ ಸುತ್ತಿ ಬನ್ನಿ. ಬರೀ ಮರಿಗಳಿಗೆ ತೊಂದರೆಯಾ, ಇಲ್ಲ ದೊಡ್ಡ ಹಂದಿಗಳೂ ಮಲಗಿವೆಯಾ? ಕಿವಿ, ಹೊಟ್ಟೆ, ತೊಡೆಯ ಚರ್ಮ ಕೆಂಪಾಗಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದೆಯಾ? ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ? ನಿನ್ನೆ ಸಂಜೆ ಚೆನ್ನಾಗಿ ತಿಂದ ಹಂದಿ ಬೆಳಗ್ಗೆ ಸತ್ತುಬಿದ್ದಿದೆಯಾ? ಇವುಗಳಲ್ಲಿ ಒಂದೆರಡು ಹೌದಾದರೂ ಹಂದಿಜ್ವರದ ಅನುಮಾನ ಇಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ.

ಹಂದಿಜ್ವರದಲ್ಲಿ ಎರಡು ಬಗೆ ಇದೆ. ಒಂದು ನಮ್ಮಲ್ಲಿ ಮೊದಲಿಂದಲೂ ಇರುವುದು. ಇನ್ನೊಂದು ಆಫ್ರಿಕನ್ ಹಂದಿಜ್ವರ. ಇದು 2020ರಲ್ಲಿ ಅಸ್ಸಾಂ, ಅರುಣಾಚಲ ಕಡೆ ಭಾರತಕ್ಕೆ ಕಾಲಿಟ್ಟಿತು. 2022ರಲ್ಲಿ ಕೇರಳದ ವಯನಾಡಿಗೂ ಬಂತು. ವಯನಾಡು ಅಂದರೆ ನಮ್ಮ ಕೊಡಗು, ಎಚ್.ಡಿ. ಕೋಟೆ ಗಡಿಯ ಪಕ್ಕದಲ್ಲೇ ಇದೆ. ಇವೆರಡೂ ವೈರಸ್ ರೋಗಗಳು. ಎರಡರಲ್ಲೂ ಭೇದಿ ಬರಬಹುದು. ಇನ್ನೂ ಕಷ್ಟದ ಸಂಗತಿ ಏನೆಂದರೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಒಂದು ಬಗೆ ರಕ್ತಕ್ಕೆ ಸೇರಿದಾಗಲೂ ಕಿವಿ ಹೀಗೇ ನೇರಳೆಯಾಗುತ್ತದೆ. ಕಣ್ಣಳತೆಯಲ್ಲಿ ಇವನ್ನು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಅನುಮಾನ ಇದ್ದರೆ ಸತ್ತ ಹಂದಿಯನ್ನು ಕೊಯ್ಯಲೇಬೇಡಿ. ಆಫ್ರಿಕನ್ ಹಂದಿಜ್ವರದಲ್ಲಿ ರಕ್ತದ ಹನಿ ಹನಿಯಲ್ಲೂ ವೈರಸ್ ಇರುತ್ತದೆ. ನೆಲಕ್ಕೆ ಚೆಲ್ಲಿದ ರಕ್ತವೇ ಪಕ್ಕದ ಶೆಡ್‌ಗೆ ರೋಗ ಹೊತ್ತೊಯ್ಯುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರೇ ಬಂದು ರಕ್ತ ತೆಗೆದು ಕಳಿಸುತ್ತಾರೆ. ವರದಿ ಬರುವವರೆಗೆ ಒಂದು ಹಂದಿಯನ್ನೂ ಮಾರಬೇಡಿ. ‘ಸಾಯುವ ಮೊದಲು ಮಾರಿಬಿಡೋಣ’ ಅನ್ನುವ ಯೋಚನೆ ಬರುವುದು ಸಹಜ, ಕೈಯಲ್ಲಿ ಸಾಲ ಇರುತ್ತದೆ. ಆದರೆ ಹಾಗೆ ಮಾರಿದ ಒಂದು ಹಂದಿ ಊರಿನ ಅಷ್ಟೂ ಗೂಡುಗಳನ್ನು ಖಾಲಿ ಮಾಡಬಹುದು.

ಇಂಥ ಅನುಮಾನ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ವಯಸ್ಸು ಲೆಕ್ಕ ಹಾಕಿ

ಕರುಳಿನ ರೋಗದಲ್ಲಿ ವಯಸ್ಸಿನಷ್ಟು ದೊಡ್ಡ ಸುಳಿವು ಬೇರೊಂದಿಲ್ಲ. ಪ್ರತಿ ಬ್ಯಾಕ್ಟೀರಿಯಾಕ್ಕೂ ತನ್ನದೇ ಆದ ಕಾಲ ಇದೆ. ಹಾಗಾಗಿ ಮರಿ ಹಾಕಿದ ತಾರೀಖು, ಹಾಲು ಬಿಡಿಸಿದ ತಾರೀಖು ಗೋಡೆಯ ಮೇಲಾದರೂ ಬರೆದಿಡಿ.

ಹುಟ್ಟಿದ ಮೊದಲ ನಾಲ್ಕು ದಿನ ಇ. ಕೋಲೈ ಕಾಲ. ನೀರಿನಂಥ ಹಳದಿ ಅಥವಾ ಬಿಳಿ ಭೇದಿ. ಮರಿಗೆ ಜ್ವರ ಇರುವುದಿಲ್ಲ, ಮೈ ತಣ್ಣಗಿರುತ್ತದೆ. ಮೊದಲ ಸೂಲಿನ ತಾಯಿಯ ಮರಿಗಳಲ್ಲಿ ಇದು ಜಾಸ್ತಿ. ಆ ತಾಯಿಯ ಗಿಣ್ಣುಹಾಲಿನಲ್ಲಿ ನಿಮ್ಮ ಶೆಡ್ಡಿನ ರೋಗಾಣುಗಳ ವಿರುದ್ಧದ ಶಕ್ತಿ ಇನ್ನೂ ಕಡಿಮೆ ಇರುವುದೇ ಕಾರಣ.

ಇದೇ ದಿನಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಸಿ ಬಗೆ ನೆನಪಾಗಬೇಕು. ಇದು ಬಹಳ ಬೇಗ ಕೊಲ್ಲುತ್ತದೆ. ಬೆಳಗ್ಗೆ ಹುಟ್ಟಿದ ಮರಿ ಮಾರನೇ ದಿನ ಭೇದಿಯನ್ನೇ ತೋರಿಸದೆ ಸಾಯಬಹುದು. ‘ತಾಯಿ ಮೈಮೇಲೆ ಮಲಗಿ ಸಾಯಿಸಿತು’ ಅಂದುಕೊಂಡ ಎಷ್ಟೋ ಮರಿಗಳ ಕರುಳು ತೆರೆದು ನೋಡಿದರೆ ಈ ಕಥೆ ಬೇರೆಯೇ ಇರುತ್ತದೆ.

ಐದರಿಂದ ಹದಿನೈದನೇ ದಿನದ ನಡುವೆ ಮುಲಾಮಿನಂಥ ಹಳದಿ ಭೇದಿ ಬಂದು, ಆಂಟಿಬಯೋಟಿಕ್‌ಗೆ ಜಗ್ಗದಿದ್ದರೆ ಅದು ಬಹುಶಃ ಬ್ಯಾಕ್ಟೀರಿಯಾವೇ ಅಲ್ಲ. ಕಾಕ್ಸಿಡಿಯಾ ಅನ್ನುವ ಏಕಕೋಶ ಪರಾವಲಂಬಿಯ ಕೆಲಸ ಅದು. ರೋಟಾವೈರಸ್ ಕೂಡ ಇದೇ ಹೊತ್ತಿಗೆ ಬರುತ್ತದೆ. ಇಲ್ಲಿ ಸುಮ್ನೆ ಸೂಜಿ ಬದಲಾಯಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಮರಿ ಸೊರಗುತ್ತದೆ.

ಹಾಲು ಬಿಡಿಸಿದ ಮೂರರಿಂದ ಹತ್ತು ದಿನದೊಳಗೆ ಇ. ಕೋಲೈ ಎರಡನೇ ಸಲ ಬರುತ್ತದೆ. ತಾಯಿಯಿಂದ ಬೇರೆಯಾದ ಸಂಕಟ, ಹೊಸ ಮೇವು, ಹೊಸ ಜಾಗ, ರಾತ್ರಿಯ ಚಳಿ ಎಲ್ಲ ಒಟ್ಟಿಗೆ ಬೀಳುತ್ತದೆ ಅಲ್ವಾ? ಗಿಣ್ಣುಹಾಲಿನ ರಕ್ಷಣೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಇದೇ ಗುಂಪಿನ ಇನ್ನೊಂದು ಬಗೆ ಬಾವು ರೋಗ ತರುತ್ತದೆ. ಅದರಲ್ಲಿ ಭೇದಿ ಇರಲೇಬೇಕೆಂದಿಲ್ಲ. ಕಣ್ಣಿನ ರೆಪ್ಪೆ ಊದುತ್ತದೆ, ಮರಿ ಕುಡಿದವರ ಹಾಗೆ ತೂರಾಡುತ್ತದೆ, ಕೂಗು ಒಡಕಾಗುತ್ತದೆ. ಗುಂಪಿನಲ್ಲಿ ಚೆನ್ನಾಗಿ ಬೆಳೆದ ಮರಿಯೇ ಮೊದಲು ಸಾಯುತ್ತದೆ. ಇದನ್ನು ‘ವಿಷ ತಿಂದಿದೆ’ ಅಂತ ತಿಳಿದುಕೊಳ್ಳುವವರೇ ಹೆಚ್ಚು.

ಆರು ವಾರ ದಾಟಿದ ಮೇಲೆ ಮೂರು ಹೆಸರು ನೆನಪಿಡಿ. ಸಾಲ್ಮೊನೆಲ್ಲಾ, ಲಾಸೋನಿಯಾ, ಬ್ರ್ಯಾಕಿಸ್ಪೈರಾ. ಬೆಳೆಯುವ ಹಂದಿಗಳ ಕರುಳಿಗೆ ದೊಡ್ಡ ಪೆಟ್ಟು ಕೊಡುವವು ಇವೇ. ಲಾಸೋನಿಯಾಕ್ಕೆ ಎರಡು ಮುಖ. ಎಳೆಯ ಹಂದಿಯಲ್ಲಿ ಅದು ಸದ್ದಿಲ್ಲದೆ ಕೂರುತ್ತದೆ, ಮೇವು ತಿಂದರೂ ಮೈ ಹಿಡಿಯುವುದಿಲ್ಲ. ನಾಲ್ಕು ತಿಂಗಳು ದಾಟಿದ ಹಂದಿಯಲ್ಲಿ ಅದೇ ಬ್ಯಾಕ್ಟೀರಿಯಾ ಕರುಳಿನೊಳಗೆ ರಕ್ತ ಸುರಿಸಿ ಒಂದೇ ದಿನದಲ್ಲಿ ಕೊಲ್ಲಬಹುದು. ಸತ್ತ ಹಂದಿಯ ಮೈ ಸುಣ್ಣ ಬಳಿದಂತೆ ಬಿಳಚಿರುತ್ತದೆ.

ಹಂತ 3: ಮಲ ನೋಡುವುದನ್ನು ಕಲಿಯಿರಿ

ಬೆಳಗ್ಗೆ ಶೆಡ್ ತೊಳೆಯುವ ಮೊದಲು ಹತ್ತು ನಿಮಿಷ ಇದಕ್ಕೇ ಇಡಿ. ಎಷ್ಟೋ ಕಡೆ ನಾನು ಹೋಗುವಷ್ಟರಲ್ಲಿ ನೆಲ ಫಳಫಳ ಹೊಳೆಯುತ್ತಿರುತ್ತದೆ. ಡಾಕ್ಟರು ಬರುತ್ತಾರೆ ಅಂತ ಪ್ರೀತಿಯಿಂದ ತೊಳೆದಿರುತ್ತಾರೆ. ನನಗೆ ಬೇಕಿದ್ದ ಸಾಕ್ಷಿಯೆಲ್ಲ ಚರಂಡಿಗೆ ಹೋಗಿರುತ್ತದೆ.

ಚಿಕ್ಕ ಮರಿಗಳಲ್ಲಿ ನೆಲ ನೋಡಿದರೆ ಸಾಲದು. ನೀರಿನಂಥ ಭೇದಿ ನೆಲದಲ್ಲಿ ಇಂಗಿಹೋಗುತ್ತದೆ. ಮರಿಯನ್ನು ಎತ್ತಿ ಬಾಲದ ಬುಡ ಮುಟ್ಟಿ ನೋಡಿ. ಒದ್ದೆಯಿದೆಯಾ? ಸುತ್ತಲಿನ ಚರ್ಮ ಕೆಂಪಾಗಿದೆಯಾ? ಕಣ್ಣು ಗುಳಿಬಿದ್ದಿದೆಯಾ? ಪಕ್ಕೆಯ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆಯಾ?

ದೊಡ್ಡ ಹಂದಿಗಳಲ್ಲಿ ಮಲವೇ ಎಷ್ಟೋ ಹೇಳುತ್ತದೆ. ಬೂದು ಮಿಶ್ರಿತ ಮೆತ್ತನೆಯ ಮಲ, ಅದರ ಮೇಲೆ ಲೋಳೆ, ಲೋಳೆಯಲ್ಲಿ ತಾಜಾ ಕೆಂಪು ರಕ್ತದ ಎಳೆಗಳು ಇದ್ದರೆ ಬ್ರ್ಯಾಕಿಸ್ಪೈರಾ ತರುವ ಹಂದಿಯ ಆಮಶಂಕೆ ಇರಬಹುದು. ಡಾಂಬರಿನಂಥ ಕಪ್ಪು ಮಲ ಅಂದರೆ ರಕ್ತ ಮೇಲೆಲ್ಲೋ ಸೋರಿ, ಜೀರ್ಣವಾಗಿ ಕೆಳಗೆ ಬಂದಿದೆ. ಲಾಸೋನಿಯಾ ಇರಬಹುದು, ಹೊಟ್ಟೆಯ ಹುಣ್ಣೂ ಇರಬಹುದು. ಹಳದಿ ನೀರಿನಂಥ, ಕೆಟ್ಟ ನಾತದ ಭೇದಿ ಜ್ವರದ ಜೊತೆ ಬಂದು, ಒಂದೆರಡು ವಾರ ಬಿಟ್ಟು ಬಿಟ್ಟು ಬರುತ್ತಿದ್ದರೆ ಸಾಲ್ಮೊನೆಲ್ಲಾ ಕಡೆ ಅನುಮಾನ ವಾಲುತ್ತದೆ. ಕಲಸಿದ ಹಸಿ ಸಿಮೆಂಟಿನ ಹಾಗೆ ಹರಡಿಕೊಳ್ಳುವ ಮಲ ಲಾಸೋನಿಯಾದಲ್ಲೂ ಬರುತ್ತದೆ, ಬ್ರ್ಯಾಕಿಸ್ಪೈರಾದ ಸೌಮ್ಯ ಬಗೆಯಲ್ಲೂ ಬರುತ್ತದೆ.

ಒಂದು ಎಚ್ಚರಿಕೆ. ಲೋಳೆ, ರಕ್ತ ಕಂಡ ಕೂಡಲೇ ಆಮಶಂಕೆ ಅಂತ ತೀರ್ಮಾನಿಸಬೇಡಿ. ಚಾಟಿಹುಳು ಅನ್ನುವ ಜಂತು ಕೂಡ ಥೇಟ್ ಇದೇ ಥರದ ಮಲ ತರುತ್ತದೆ. ಮಣ್ಣಿನ ಅಂಗಳದಲ್ಲಿ ಬಿಟ್ಟು ಸಾಕುವ ಕಡೆ ಇದು ಜಾಸ್ತಿ. ಹಾಗಾಗಿ ಬ್ಯಾಕ್ಟೀರಿಯಾ ಪರೀಕ್ಷೆಯ ಜೊತೆ ಜಂತುಹುಳದ ಮೊಟ್ಟೆ ಪರೀಕ್ಷೆಯನ್ನೂ ಕೇಳಿ. ಹತ್ತಿರದ ಪಶು ಆಸ್ಪತ್ರೆಯ ಮೈಕ್ರೋಸ್ಕೋಪಿನಲ್ಲೇ ಅದು ಆಗುತ್ತದೆ.

ನೋಡಿದ್ದನ್ನು ಪುಸ್ತಕದಲ್ಲಿ ಬರೆಯಿರಿ. ಗಟ್ಟಿಗೆ 0, ಮೆತ್ತಗಿದ್ದರೆ 1, ಹರಿಯುವ ಹಾಗಿದ್ದರೆ 2, ನೀರಾಗಿದ್ದರೆ 3. ಪ್ರತಿ ಗೂಡಿಗೂ ದಿನಕ್ಕೊಂದು ಅಂಕಿ ಸಾಕು. ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಐದು ದಿನದ ಪುಟ ಕೈಗೆ ಸಿಕ್ಕರೆ ರೋಗ ಯಾವ ಗೂಡಿನಿಂದ ಎತ್ತ ನಡೆಯಿತು ಅಂತ ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಹಂತ 4: ಥರ್ಮಾಮೀಟರ್ ಮತ್ತು ಪಿಎಚ್ ಕಾಗದ

ಥರ್ಮಾಮೀಟರ್ ಇಲ್ಲದ ಹಂದಿ ಫಾರ್ಮ್ ಇರಬಾರದು. ಮೆಡಿಕಲ್ ಶಾಪಿನ ಡಿಜಿಟಲ್ ಥರ್ಮಾಮೀಟರೇ ಸಾಕು. ಮಲದ್ವಾರದ ಮೂಲಕ ನೋಡಬೇಕು. ಹಂದಿಯ ಸಹಜ ಶಾಖ ಸುಮಾರು 39 ಡಿಗ್ರಿ, ನಮಗಿಂತ ಎರಡು ಡಿಗ್ರಿ ಜಾಸ್ತಿ. ಮಧ್ಯಾಹ್ನದ ಬಿಸಿಲಿನಲ್ಲಿ, ಓಡಿಸಿ ಹಿಡಿದ ಮೇಲೆ ನೋಡಿದರೆ ಸುಳ್ಳು ಜ್ವರ ತೋರಿಸುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ಐದಾರು ಹಂದಿಗಳನ್ನು ನೋಡಿ. ಇ. ಕೋಲೈ ಭೇದಿಯಲ್ಲಿ ಜ್ವರ ಇಲ್ಲ ಅಥವಾ ತೀರಾ ಕಡಿಮೆ. ಸಾಲ್ಮೊನೆಲ್ಲಾದಲ್ಲಿ 40.5 ದಾಟುವುದು ಸಾಮಾನ್ಯ.

ಮಲ ಆಮ್ಲೀಯವೋ ಕ್ಷಾರೀಯವೋ ಅಂತ ಬಣ್ಣ ಬದಲಿಸಿ ತೋರಿಸುವ ಪಿಎಚ್ ಕಾಗದ ನನಗೆ ಬಹಳ ಇಷ್ಟದ ಸಾಧನ. ಅಗ್ಗ, ಒಂದು ನಿಮಿಷದ ಕೆಲಸ. ಇ. ಕೋಲೈ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ. ಆ ವಿಷದಿಂದ ಕರುಳಿನ ಕೋಶಗಳು ಉಪ್ಪು, ಸೋಡಾ ಬೆರೆತ ನೀರನ್ನು ಸುರಿಸುತ್ತವೆ. ಹಾಗಾಗಿ ಆ ಭೇದಿ ಕ್ಷಾರೀಯ, ಕಾಗದ 8ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ ತೋರಿಸುತ್ತದೆ. ವೈರಸ್ ಭೇದಿಯಲ್ಲಿ ಕರುಳಿನ ಒಳಪದರವೇ ಸವೆಯುತ್ತದೆ. ಹಾಲು ಜೀರ್ಣವಾಗದೆ ಒಳಗೇ ಹುಳಿಯುತ್ತದೆ. ಆ ಭೇದಿ ಆಮ್ಲೀಯ, ಕಾಗದ 7ರ ಕೆಳಗೆ ಇಳಿಯುತ್ತದೆ. ಮೂತ್ರ ಬೆರೆಯದ ತಾಜಾ ಮಲಕ್ಕೆ ಮಾತ್ರ ಕಾಗದ ತಾಗಿಸಿ. ಹಾಲು ಕುಡಿಯುವ ಮರಿಗಳಲ್ಲಿ ಈ ಗುರುತು ಚೆನ್ನಾಗಿ ಕಾಣುತ್ತದೆ, ದೊಡ್ಡ ಹಂದಿಗಳಲ್ಲಿ ಅಷ್ಟಾಗಿ ನಂಬಬೇಡಿ. ಇದು ಸುಳಿವು, ತೀರ್ಪಲ್ಲ.

ಹಂತ 5: ಸ್ಯಾಂಪಲ್ ತೆಗೆಯುವುದು

ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯಾವ ಹಂದಿ? ಎಲ್ಲಕ್ಕಿಂತ ಸೊರಗಿದ, ವಾರದಿಂದ ಬಿದ್ದುಕೊಂಡಿರುವ ಹಂದಿಯನ್ನು ತೋರಿಸುವುದು ರೂಢಿ. ಅದು ತಪ್ಪು. ಆ ಹಂದಿಯಲ್ಲಿ ಮೊದಲ ರೋಗಾಣು ಹೋಗಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತವೆ. ನಿನ್ನೆ ರಾತ್ರಿಯೋ ಇವತ್ತು ಬೆಳಗ್ಗೆಯೋ ಭೇದಿ ಶುರುವಾದ, ಇನ್ನೂ ಔಷಧ ಬೀಳದ ಹಂದಿಗಳನ್ನು ಆರಿಸಿ. ಒಂದಲ್ಲ, ಮೂರರಿಂದ ಐದು. ಎಲ್ಲಕ್ಕೂ ಔಷಧ ಕೊಟ್ಟಾಗಿದ್ದರೆ, ಔಷಧ ಬೀಳದ ಪಕ್ಕದ ಗೂಡಿನಲ್ಲಿ ಹೊಸದಾಗಿ ಭೇದಿ ಶುರುವಾದದ್ದನ್ನು ಕಾಯಿರಿ. ನೀರಿನಲ್ಲಿ ಹಾಕುವ ಪುಡಿ, ಮೇವಿನಲ್ಲಿ ಬೆರೆಸಿದ ಔಷಧ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು? ದೊಡ್ಡ ಹಂದಿಗೆ ಹೊಸ ಗ್ಲೌಸ್ ಹಾಕಿ, ಮಲದ್ವಾರದಿಂದಲೇ ನೇರವಾಗಿ 10ರಿಂದ 20 ಗ್ರಾಂ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನ ಅರ್ಧದಷ್ಟು ತೆಗೆಯಿರಿ. ನೆಲದ ಮೇಲಿನದು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಕಣ್ಣೆದುರೇ ಹಾಕಿದ ಮಲದ ಮೇಲ್ಭಾಗ ಮಾತ್ರ. ಸಾಲ್ಮೊನೆಲ್ಲಾ ಹುಡುಕುವಾಗ ಬರೀ ಹತ್ತಿಕಡ್ಡಿಯ ಸ್ವ್ಯಾಬ್ ಸಾಲದು. ಮಲದಲ್ಲಿ ಅದರ ಸಂಖ್ಯೆ ಕಡಿಮೆ ಇರಬಹುದು, ಮಲ ಜಾಸ್ತಿ ಇದ್ದಷ್ಟೂ ಸಿಗುವ ಸಾಧ್ಯತೆ ಹೆಚ್ಚು. ಎಳೆಯ ಮರಿಗೆ ಮಾತ್ರ ಸ್ವ್ಯಾಬ್ ಬಳಸಬೇಕಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಸವರಿದರೆ ಮರಿ ತಾನೇ ಮಲ ಬಿಡುತ್ತದೆ, ಬಾಟಲಿ ಹಿಡಿದುಕೊಂಡಿರಿ.

ಯಾವುದರಲ್ಲಿ? ಮೆಡಿಕಲ್ ಶಾಪಿನಲ್ಲಿ ಮೂತ್ರ ಪರೀಕ್ಷೆಗೆ ಕೊಡುವ, ತಿರುಗಿಸುವ ಮುಚ್ಚಳದ ಸ್ಟೆರೈಲ್ ಡಬ್ಬಿ ಚೆನ್ನಾಗಿರುತ್ತದೆ. ಒಂದು ಹಂದಿಗೆ ಒಂದು ಡಬ್ಬಿ. ತೊಳೆದ ಜಾಮ್ ಬಾಟಲಿ, ಔಷಧದ ಹಳೇ ಬಾಟಲಿ ಬೇಡ. ಬ್ರ್ಯಾಕಿಸ್ಪೈರಾ, ಕ್ಲಾಸ್ಟ್ರಿಡಿಯಂ ಗಾಳಿ ತಾಗಿದರೆ ಸರಿಯಾಗಿ ಬೆಳೆಯುವುದಿಲ್ಲ. ಅವುಗಳ ಅನುಮಾನ ಇದ್ದರೆ ಡಬ್ಬಿಯನ್ನು ತುಂಬಾ ತುಂಬಿಸಿ, ಒಳಗೆ ಗಾಳಿಗೆ ಜಾಗ ಬಿಡಬೇಡಿ. ಸ್ವ್ಯಾಬ್ ಆದರೆ ಸಾಗಣೆ ಮಾಧ್ಯಮ (ದಾರಿಯಲ್ಲಿ ಬ್ಯಾಕ್ಟೀರಿಯಾ ಸಾಯದಂತೆ ಕಾಪಾಡುವ ವಸ್ತು) ಇರುವ ಕೊಳವೆಯಲ್ಲಿ ಹಾಕಿ. ರೋಗಾಣುವಿನ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಮಾತ್ರ ಮಾಧ್ಯಮ ಇಲ್ಲದ ಬರೀ ಮಲ ಇನ್ನೊಂದು ಡಬ್ಬಿಯಲ್ಲಿರಲಿ.

ಹೇಗೆ ಕಳಿಸುವುದು? ಮೀನಿನವರು ಬಳಸುವಂಥ ಥರ್ಮೋಕೋಲ್ ಡಬ್ಬಿ ಹೊಸದು ತಂದು, ಜೆಲ್ ಪ್ಯಾಕ್ ಇಟ್ಟು, ಸ್ಯಾಂಪಲ್ ಡಬ್ಬಿಗಳನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡಿ. 4 ಡಿಗ್ರಿಯ ತಂಪು ಬೇಕು, ಹೆಪ್ಪುಗಟ್ಟಬಾರದು. ಫ್ರೀಜರ್‌ನಲ್ಲಿಟ್ಟರೆ ಕಲ್ಚರ್‌ಗೆ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದಕ್ಕೆ) ಬೇಕಾದ ಬ್ಯಾಕ್ಟೀರಿಯಾ ಸಾಯುತ್ತವೆ. 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಶನಿವಾರ ಮಧ್ಯಾಹ್ನ ಬಸ್ಸಿಗೆ ಹಾಕಿ ಸೋಮವಾರ ಬಿಡಿಸಿಕೊಳ್ಳುವ ಲೆಕ್ಕ ಬೇಡ. ಸೋಮವಾರದಿಂದ ಗುರುವಾರದೊಳಗೆ ಕಳಿಸುವ ಹಾಗೆ ನೋಡಿಕೊಳ್ಳಿ.

ಸ್ಯಾಂಪಲ್ ತೆಗೆದ ಮರುಕ್ಷಣವೇ ವೈದ್ಯರು ಹೇಳಿದ ಚಿಕಿತ್ಸೆ ಶುರುಮಾಡಬಹುದು. ವರದಿಗೆ ಕಾದು ಮರಿಗಳನ್ನು ಸಾಯಲು ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಸೂಜಿಗೆ ಮೊದಲಿನ ಅರ್ಧ ಗಂಟೆ ಮಾತ್ರ. ಶುದ್ಧ ನೀರು, ಓಆರ್‌ಎಸ್, ಮರಿಗಳಿಗೆ ಬೆಚ್ಚಗಿನ ಜಾಗ, ಇವನ್ನಂತೂ ಯಾರನ್ನೂ ಕೇಳದೆ ಕೊಡಿ.

ಹಂತ 6: ಸತ್ತ ಹಂದಿಯ ಕರುಳು

ಹಂದಿಜ್ವರದ ಅನುಮಾನ ಇಲ್ಲ ಅಂತ ವೈದ್ಯರು ಒಪ್ಪಿದ ಮೇಲೆ ಮಾತ್ರ ಇದು, ಅದೂ ಅವರ ಕೈಯಿಂದಲೇ. ನಮ್ಮ ಸೆಕೆಗೆ ಕರುಳು ಕೊಳೆಯಲು ಎರಡು ಮೂರು ಗಂಟೆ ಸಾಕು. ರಾತ್ರಿ ಸತ್ತದ್ದನ್ನು ಮಧ್ಯಾಹ್ನ ತೆರೆದರೆ ಎಲ್ಲ ಕರುಳೂ ಕೆಂಪು, ಹಸಿರಾಗಿಯೇ ಕಾಣುತ್ತದೆ. ಬದುಕುವ ಆಸೆಯಿಲ್ಲದ ಒಂದು ಮರಿಯನ್ನು ವೈದ್ಯರೇ ನೋವಿಲ್ಲದೆ ಕೊನೆಗಾಣಿಸಿ ಆಗಲೇ ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಮನಸ್ಸಿಗೆ ಕಷ್ಟ ಆಗುತ್ತದೆ. ಆದರೆ ಉಳಿದ ಮೂವತ್ತು ಮರಿಗಳ ಜೀವ ಅದರಿಂದ ಉಳಿಯಬಹುದು.

ಮುಖ್ಯ ಪ್ರಶ್ನೆ ಒಂದೇ. ರೋಗ ಕರುಳಿನ ಯಾವ ಭಾಗದಲ್ಲಿದೆ?

ಸಣ್ಣಕರುಳು ನೀರು ತುಂಬಿ ಉಬ್ಬಿದೆ, ಗೋಡೆ ಹೆಚ್ಚು ಕೆಡದೆ ಹಾಗೇ ಇದೆ ಅಂದರೆ ಇ. ಕೋಲೈ. ಸಣ್ಣಕರುಳಿನ ನಡುಭಾಗ ಕಡುಗೆಂಪು, ಗೋಡೆಯಲ್ಲಿ ಗಾಳಿಗುಳ್ಳೆ, ಒಳಗೆ ರಕ್ತ ಅಂದರೆ ಕ್ಲಾಸ್ಟ್ರಿಡಿಯಂ ಸಿ. ಸಣ್ಣಕರುಳಿನ ಕೊನೆಯ ಭಾಗ ತೋಟದ ನೀರಿನ ಪೈಪಿನ ಹಾಗೆ ದಪ್ಪಗೆ, ಒಳಗೆ ಮಡಿಕೆ ಮಡಿಕೆಯಾಗಿದ್ದರೆ ಲಾಸೋನಿಯಾ. ಇದನ್ನು ಒಂದು ಸಲ ಕೈಯಲ್ಲಿ ಹಿಡಿದವರು ಮರೆಯುವುದಿಲ್ಲ. ಸಣ್ಣಕರುಳು ಪೂರ್ತಿ ಚೆನ್ನಾಗಿದ್ದು ಬರೀ ದೊಡ್ಡಕರುಳು ಕೆಂಪಾಗಿ, ಊದಿ, ಲೋಳೆ ಮತ್ತು ರಕ್ತದಿಂದ ಕೂಡಿದ್ದರೆ ಬ್ರ್ಯಾಕಿಸ್ಪೈರಾ. ದೊಡ್ಡಕರುಳಿನಲ್ಲಿ ಗುಂಡಿಯಾಕಾರದ ಹುಣ್ಣು, ಜೊತೆಗೆ ಕರುಳ ಪೊರೆಯ ಗಂಟುಗಳು (ಲಿಂಫ್ ಗಂಟುಗಳು) ಊದಿದ್ದರೆ ಸಾಲ್ಮೊನೆಲ್ಲಾ. ಆದರೆ ಗುಂಡಿ ಹುಣ್ಣು ಹಂದಿಜ್ವರದಲ್ಲೂ ಬರುತ್ತದೆ ಅನ್ನುವುದು ನೆನಪಿರಲಿ.

ಕಲ್ಚರ್‌ಗೆ ಕರುಳಿನ ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ ಕತ್ತರಿಸಿ, ಐದಾರು ಅಂಗುಲ ಉದ್ದದ್ದು ಸಾಕು. ಸಣ್ಣಕರುಳಿನ ನಡುಭಾಗ, ಕೊನೆಯ ಭಾಗ, ದೊಡ್ಡಕರುಳು, ಕರುಳ ಪೊರೆಯ ಗಂಟು ಇವನ್ನು ಬೇರೆ ಬೇರೆ ಡಬ್ಬಿಯಲ್ಲಿ ತಂಪಾಗಿಡಿ. ಲಿವರ್, ಸ್ಪ್ಲೀನ್ ತುಂಡುಗಳನ್ನು ಕರುಳು ಮುಟ್ಟುವ ಮೊದಲೇ ತೆಗೆದು ಪ್ರತ್ಯೇಕ ಇಡಿ. ಕರುಳಿನ ಜೊತೆ ಹಾಕಿದರೆ ಅದರ ಬ್ಯಾಕ್ಟೀರಿಯಾ ಇದಕ್ಕೂ ಹತ್ತಿ ವರದಿ ದಾರಿ ತಪ್ಪುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಲು ಇದೇ ಜಾಗಗಳ ಇನ್ನೊಂದು ಜೊತೆ ಬೇಕು. ಅದನ್ನು ಕೊಳೆಯದಂತೆ ಕಾಪಾಡುವ ದ್ರವವಾದ 10 ಶೇಕಡಾ ಫಾರ್ಮಲಿನ್‌ನಲ್ಲಿ ಹಾಕಬೇಕು. ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಲಿ. ಒಳಪದರವನ್ನು ಬೆರಳಿನಿಂದ ಉಜ್ಜಬೇಡಿ. ಫಾರ್ಮಲಿನ್ ಡಬ್ಬಿಯನ್ನು ಐಸ್ ಜೊತೆ ಇಡುವುದು ಬೇಡ, ಸಾಮಾನ್ಯ ಶಾಖದಲ್ಲೇ ಇರಲಿ.

ಗ್ಲೌಸ್, ಗಮ್‌ಬೂಟ್ ಇಲ್ಲದೆ ಹತ್ತಿರ ಹೋಗಬೇಡಿ. ಸಾಲ್ಮೊನೆಲ್ಲಾ ಮನುಷ್ಯರಿಗೂ ಬರುತ್ತದೆ. ಮಕ್ಕಳು ಆಸುಪಾಸಿನಲ್ಲಿ ಇರಕೂಡದು. ಉಳಿದ ದೇಹವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ನಾಯಿ ಕೆದಕದ ಹಾಗೆ.

ಹಂತ 7: ಲ್ಯಾಬ್‌ಗೆ ಬರೆಯುವ ಪತ್ರ

ಡಬ್ಬಿಯ ಮೇಲೆ ‘ಹಂದಿ ಮಲ’ ಅಂತಷ್ಟೇ ಬರೆದು ಕಳಿಸುವವರು ಬಹಳ. ಕೇಳದೆ ಇದ್ದದ್ದನ್ನು ಲ್ಯಾಬ್ ಹುಡುಕುವುದಿಲ್ಲ. ಸಾಮಾನ್ಯ ಕಲ್ಚರ್ ಮಾಡಿದರೆ ಇ. ಕೋಲೈ ಸಿಗುತ್ತದೆ. ಸಾಲ್ಮೊನೆಲ್ಲಾಕ್ಕೆ ವಿಶೇಷ ದ್ರವ ಮಾಧ್ಯಮದಲ್ಲಿ ಮೊದಲು ಸಂಖ್ಯೆ ಹೆಚ್ಚಿಸಿಕೊಳ್ಳಬೇಕು. ಬ್ರ್ಯಾಕಿಸ್ಪೈರಾಕ್ಕೆ ಆಮ್ಲಜನಕ ಇಲ್ಲದ ವಾತಾವರಣ, ಬೇರೆ ಬ್ಯಾಕ್ಟೀರಿಯಾ ತಡೆಯುವ ವಿಶೇಷ ಮಾಧ್ಯಮ, ಹಲವು ದಿನದ ತಾಳ್ಮೆ ಬೇಕು. ಲಾಸೋನಿಯಾ ಜೀವಂತ ಕೋಶದ ಒಳಗೆ ಮಾತ್ರ ಬೆಳೆಯುತ್ತದೆ, ಮಾಮೂಲಿ ಕಲ್ಚರ್‌ನಲ್ಲಿ ಎಂದೂ ಸಿಗುವುದಿಲ್ಲ. ಅದಕ್ಕೆ ಪಿಸಿಆರ್ ಬೇಕು, ಇಲ್ಲವೇ ಅಂಗಾಂಶಕ್ಕೆ ಬೆಳ್ಳಿಯ ಬಣ್ಣ ಹಾಕಿ ನೋಡಬೇಕು.

ಹಾಗಾಗಿ ಪತ್ರದಲ್ಲಿ ಇಷ್ಟು ಬರೆಯಿರಿ: ಒಟ್ಟು ಹಂದಿಗಳೆಷ್ಟು, ರೋಗ ಬಂದವೆಷ್ಟು, ಸತ್ತವೆಷ್ಟು. ವಯಸ್ಸು, ಹಾಲು ಬಿಡಿಸಿದ ದಿನ. ಭೇದಿ ಶುರುವಾದ ದಿನ, ಅದರ ಬಣ್ಣ. ಜ್ವರ. ಕೊಟ್ಟ ಔಷಧ, ಕೊಟ್ಟ ತಾರೀಖು. ಹಾಕಿದ ಲಸಿಕೆ. ಮೇವು ಏನು, ಹೋಟೆಲ್ ಕಲಗಚ್ಚಾ, ಕೋಳಿ ಅಂಗಡಿಯ ತ್ಯಾಜ್ಯವಾ, ಕೊಂಡ ಮೇವಾ. ಇತ್ತೀಚೆಗೆ ಹೊರಗಿನಿಂದ ಹಂದಿ ತಂದಿದ್ದೀರಾ. ಕೊನೆಯಲ್ಲಿ ನಿಮ್ಮ ಅನುಮಾನ ಯಾವುದು. ಹೋಟೆಲ್ ತ್ಯಾಜ್ಯ ಹಾಕುತ್ತೇವೆ ಅಂತ ಬರೆಯಲು ಹಿಂಜರಿಯಬೇಡಿ. ಬೇಯಿಸದ ಕೋಳಿ ತ್ಯಾಜ್ಯ ಸಾಲ್ಮೊನೆಲ್ಲಾಕ್ಕೆ ನೇರ ದಾರಿ, ಆ ಒಂದು ಸಾಲು ಲ್ಯಾಬ್‌ನವರಿಗೆ ದೊಡ್ಡ ಸಹಾಯ.

ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ದಕ್ಷಿಣ ರಾಜ್ಯಗಳ ರೋಗ ಪತ್ತೆ ಪ್ರಯೋಗಾಲಯವೂ ಅಲ್ಲೇ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇದೆ. ಸ್ಯಾಂಪಲ್ ತೆಗೆಯುವ ಮೊದಲೇ ನಿಮ್ಮ ವೈದ್ಯರ ಮೂಲಕ ಫೋನ್ ಮಾಡಿಸಿ, ನಿಮಗೆ ಬೇಕಾದ ಪರೀಕ್ಷೆ ಈಗ ನಡೆಯುತ್ತಿದೆಯಾ, ಯಾವ ಡಬ್ಬಿಯಲ್ಲಿ ಬೇಕು ಅಂತ ಕೇಳಿಕೊಳ್ಳಿ.

ಹಂತ 8: ವರದಿ ಓದುವುದು

ವರದಿಯಲ್ಲಿ ‘ಇ. ಕೋಲೈ ಸಿಕ್ಕಿದೆ’ ಅಂತ ಬರೆದಿರುತ್ತದೆ. ಅದರಿಂದ ನಿಮಗೇನೂ ತಿಳಿಯಲಿಲ್ಲ. ಆರೋಗ್ಯವಾಗಿರುವ ಪ್ರತಿ ಹಂದಿಯ ಕರುಳಿನಲ್ಲೂ ಇ. ಕೋಲೈ ಇದ್ದೇ ಇರುತ್ತದೆ, ನಮ್ಮ ಕರುಳಿನಲ್ಲೂ ಇದೆ. ರೋಗ ತರುವ ಬಗೆಗೆ ಎರಡು ಆಯುಧ ಬೇಕು. ಕರುಳಿಗೆ ಅಂಟಿಕೊಳ್ಳುವ ಕೂದಲಿನಂಥ ಕೊಕ್ಕೆ, ಮತ್ತು ವಿಷ. ಕೊಕ್ಕೆಗಳಿಗೆ ಎಫ್4, ಎಫ್5, ಎಫ್6, ಎಫ್18 ಅಂತೆಲ್ಲ ಹೆಸರು. ಹಾಲು ಬಿಡಿಸಿದ ಮರಿಗಳಲ್ಲಿ ಎಫ್4 ಮತ್ತು ಎಫ್18 ಮುಖ್ಯ. ಬಾವು ರೋಗದ್ದಕ್ಕೆ ಬೇರೆಯದೇ ಶಿಗಾ ವಿಷ ಇರುತ್ತದೆ. ಈ ಜೀನ್‌ಗಳನ್ನು ಪಿಸಿಆರ್‌ನಲ್ಲಿ ನೋಡಿದ್ದಾರಾ ಅಂತ ಕೇಳಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ವಿಷಯದಲ್ಲೂ ಇದೇ ಮಾತು. ಹೆಸರು ಸಾಲದು, ಬೀಟಾ ವಿಷದ ಜೀನ್ ಇದ್ದರೆ ಮಾತ್ರ ಸಿ ಬಗೆ.

ಸಿಕ್ಕ ಬ್ಯಾಕ್ಟೀರಿಯಾವೇ ಕಾರಣ ಅಂದುಕೊಂಡು ದೊಡ್ಡವರೂ ಎಡವಿದ್ದಾರೆ. 1880ರ ದಶಕದಲ್ಲಿ ಅಮೆರಿಕದಲ್ಲಿ ಹಂದಿಜ್ವರ ಹಬ್ಬಿದಾಗ ಥಿಯೊಬಾಲ್ಡ್ ಸ್ಮಿತ್ ಸತ್ತ ಹಂದಿಗಳಲ್ಲಿ ಒಂದು ಬ್ಯಾಕ್ಟೀರಿಯಾ ಕಂಡರು. ಅವರ ಮೇಲಧಿಕಾರಿ ಡೇನಿಯಲ್ ಸಾಲ್ಮನ್. ಹಂದಿಜ್ವರಕ್ಕೆ ಇದೇ ಕಾರಣ ಅಂತ ಪ್ರಕಟಿಸಿದರು. ಸಾಲ್ಮೊನೆಲ್ಲಾ ಅನ್ನುವ ಹೆಸರು ಬಂದದ್ದು ಹೀಗೆ. 1903ರಲ್ಲಿ ಹಂದಿಜ್ವರದ ನಿಜವಾದ ಕಾರಣ ಬ್ಯಾಕ್ಟೀರಿಯಾ ಹಿಡಿಯುವ ಸೋಸುಕದಿಂದಲೂ ದಾಟಿಹೋಗುವ ವೈರಸ್ ಅಂತ ಗೊತ್ತಾಯಿತು. ಸಾಲ್ಮೊನೆಲ್ಲಾ ಆ ಹಂದಿಗಳಲ್ಲಿ ಇದ್ದದ್ದು ನಿಜ, ಆದರೆ ಅದು ವೈರಸ್ಸಿನ ಬೆನ್ನಿಗೆ ಬಂದದ್ದು. ನಿಮ್ಮ ವರದಿ ಕೈಗೆ ಬಂದಾಗಲೂ ಇದನ್ನೇ ಕೇಳಿಕೊಳ್ಳಿ. ವಯಸ್ಸು ಹೊಂದುತ್ತದೆಯಾ? ಮಲದ ಲಕ್ಷಣ ಹೊಂದುತ್ತದೆಯಾ? ಕರುಳಿನ ಜಾಗ ಹೊಂದುತ್ತದೆಯಾ? ಒಂದಕ್ಕಿಂತ ಹೆಚ್ಚು ಹಂದಿಯಲ್ಲಿ ಅದೇ ಸಿಕ್ಕಿದೆಯಾ? ನಾಲ್ಕಕ್ಕೂ ಹೌದಾದರೆ ನಂಬಿ.

‘ಸಿಗಲಿಲ್ಲ’ ಅನ್ನುವ ವರದಿಯನ್ನೂ ಹೀಗೇ ತೂಗಿ ನೋಡಿ. ಸಾಲ್ಮೊನೆಲ್ಲಾ ದಿನವೂ ಮಲದಲ್ಲಿ ಬರುವುದಿಲ್ಲ. ಒಂದು ಸಲ ಸಿಗದಿದ್ದರೆ ಇಲ್ಲ ಅಂತಲ್ಲ, ವಾರ ಬಿಟ್ಟು ಇನ್ನಷ್ಟು ಹಂದಿಗಳಿಂದ ಮತ್ತೆ ಕಳಿಸಿ.

ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾಕ್ಕೆ ಯಾವ ಔಷಧ ನಾಟುತ್ತದೆ ಅನ್ನುವ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಹಿಂದೆ ಮರಿಗಳ ಭೇದಿಗೆ ಕೊಲಿಸ್ಟಿನ್ ಬಳಸುವ ರೂಢಿ ಇತ್ತು. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಾಗ ಕೊನೆಗೆ ಉಳಿಯುವ ಔಷಧ ಅದು. 2019ರಲ್ಲಿ ಕೇಂದ್ರ ಸರ್ಕಾರ ಮಾಂಸ, ಹಾಲು, ಮೊಟ್ಟೆಗೆ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಅದನ್ನು ನಿಷೇಧಿಸಿತು. ಹಳೇ ಸ್ಟಾಕ್ ಇದೆ ಅಂತ ಯಾರಾದರೂ ಕೊಟ್ಟರೆ ತಗೊಳ್ಳಬೇಡಿ.

ಹಂತ 9: ಭೇದಿ ನಿಂತ ಮೇಲೆ

ಮಲ ಗಟ್ಟಿಯಾದ ಕೂಡಲೇ ಪುಸ್ತಕ ಮುಚ್ಚಿಡುವವರೇ ಜಾಸ್ತಿ. ಸಾಲ್ಮೊನೆಲ್ಲಾ, ಬ್ರ್ಯಾಕಿಸ್ಪೈರಾ ಎರಡರಲ್ಲೂ ಗುಣವಾದಂತೆ ಕಾಣುವ ಹಂದಿ ಒಳಗೆ ರೋಗಾಣು ಇಟ್ಟುಕೊಂಡು ವಾರಗಟ್ಟಲೆ ಹರಡುತ್ತಿರುತ್ತದೆ. ಔಷಧ ನಿಲ್ಲಿಸಿ ಎರಡು ಮೂರು ವಾರದ ನಂತರ ಅದೇ ಗೂಡುಗಳಿಂದ ಮತ್ತೆ ಸ್ಯಾಂಪಲ್ ತೆಗೆಯಿರಿ. ಹಂದಿಯ ಆಮಶಂಕೆ ಇದ್ದ ಶೆಡ್ಡಿನಲ್ಲಿ ಇಲಿ ಹಿಡಿಯದೆ ಬೇರೆ ಏನು ಮಾಡಿದರೂ ಪ್ರಯೋಜನವಿಲ್ಲ. ಬ್ರ್ಯಾಕಿಸ್ಪೈರಾ ಇಲಿಯ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದು, ತೊಳೆದ ಶೆಡ್ಡಿಗೆ ತಿರುಗಿ ಬರುತ್ತದೆ.

ಹೊಸ ಹಂದಿ ತಂದರೆ ಒಂದು ತಿಂಗಳು ಬೇರೆ ಗೂಡಿನಲ್ಲಿಡಿ. ಅದಕ್ಕೆ ಬೇರೆ ಬಕೆಟ್, ಬೇರೆ ಪೊರಕೆ, ಬೇರೆ ಗಮ್‌ಬೂಟ್ ಇರಲಿ. ಆ ತಿಂಗಳೊಳಗೆ ಅದರ ಮಲವನ್ನು ಒಮ್ಮೆ ಲ್ಯಾಬ್‌ಗೆ ಕಳಿಸಿ. ಅಲ್ಲಿಯವರೆಗೆ ದಿನವೂ ಮೊದಲು ನಿಮ್ಮ ಮರಿಗಳ ಗೂಡು, ಆಮೇಲೆ ದೊಡ್ಡ ಹಂದಿಗಳ ಗೂಡು, ಕಡೆಗೆ ಹೊಸ ಹಂದಿ. ಕೆಲಸದ ಹುಡುಗ ಈ ಸಾಲಿನಲ್ಲೇ ಹೋಗಬೇಕು, ಹಿಂದಕ್ಕೆ ಬರಬೇಕಾದರೆ ಕಾಲು ತೊಳೆದು ಬೂಟು ಬದಲಿಸಿಯೇ ಬರಬೇಕು.